ಸೇವ್ ಮಾಡದ ನಂಬರು

ಅಮ್ಮ ಮತ್ತು ಅತ್ತಿಗೆ ಮಾತು ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಮೊದಲು ಕೆಟ್ಟದ್ದು ಬೇಳೆ. ಒಲೆಯ ಮೇಲಿದ್ದ ಪಾತ್ರೆಗೆ ಅಮ್ಮ ಉಪ್ಪು ಹಾಕಿ ಹೊಲಿಗೆ ಯಂತ್ರದ ಕಡೆ ಹೋದಳು. ಹಿಂದೆಯೇ ಅತ್ತಿಗೆ ಬಂದು ಇನ್ನೊಮ್ಮೆ ಹಾಕಿದರು. "ಹಾಕಿದ್ದೀರಾ?" ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳುವ ಹಾಗಿರಲಿಲ್ಲವಲ್ಲ! ಊಟಕ್ಕೆ ಕೂತ ಅಪ್ಪ ಮೊದಲ ತುತ್ತಿಗೇ ಕಣ್ಣು ಮುಚ್ಚಿಕೊಂಡು, "ಯಾರಾದ್ರೂ ನೀರು ಕೊಡ್ರಪ್ಪ" ಎಂದರು.

ಜಗಳ ಶುರುವಾಗಿದ್ದು ಅತ್ತಿಗೆಯ ಹೊಸ ಕೆಲಸದಿಂದ. ಅಮ್ಮ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ನಮ್ಮ ಮುಂದಿನ ಕೋಣೆಯೇ ಅವಳ ಅಂಗಡಿ. ಮನೆಗೆ ಬರುವವರು ಬಟ್ಟೆ ರಾಶಿ ಸರಿಸಿಯೇ ಒಳಗೆ ಬರಬೇಕು. ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಅಮ್ಮನ ಪಕ್ಕ ಕೂತು ಕಾಜಾ ಹಾಕಿದವರು, ಗುಂಡಿ ಹಚ್ಚಿದವರು. ಹಾಗೆ ಗುಂಡಿ ಹಚ್ಚುತ್ತಲೇ ಯಾರಿಗೂ ಗುಟ್ಟು ಬಿಡದೆ ದೊಡ್ಡ ಗಾಡಿ ಓಡಿಸುವುದನ್ನು ಕಲಿತರು. ಪರೀಕ್ಷೆ ಪಾಸು ಮಾಡಿದರು. ಗೊತ್ತಿದ್ದದ್ದು ಅಣ್ಣನಿಗೆ ಮತ್ತು ನನಗೆ ಮಾತ್ರ. ಒಂದು ದಿನ ಊಟದ ಹೊತ್ತಿಗೆ ವಿಷಯ ಹೊರಗೆ ಬಂತು.

"ಅತ್ತೆ, ನಂಗೆ ಸಿಟಿ ಬಸ್ಸಲ್ಲಿ ಡ್ರೈವರ್ ಕೆಲಸ ಸಿಕ್ಕಿದೆ."

ಅಮ್ಮ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. "ಶಾಲೆ ಶುರುವಾಗೋ ಹೊತ್ತು. ಬಟ್ಟೆ ರಾಶಿ ಬಿದ್ದಿದೆ. ಕಾಜಾ ಯಾರು ಹಾಕ್ತಾರೆ, ನಿನ್ನ ಬಸ್ಸಾ?"

"ಬೆಳಗಿನ ಪಾಳಿ ಅತ್ತೆ. ಮಧ್ಯಾಹ್ನ ಬಂದು ಹಾಕ್ತೀನಿ."

"ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ! ಮನೆ ನಡೆಸೋಕೆ ಬರದೇ ಇರೋಳು ಬಸ್ಸು ಓಡಿಸ್ತಾಳಂತೆ."

ಅತ್ತಿಗೆ ತಟ್ಟೆಯನ್ನು ಸದ್ದಾಗದಂತೆ ಪಕ್ಕಕ್ಕಿಟ್ಟರು. ಅವರ ಸಿಟ್ಟಿನ ಲಕ್ಷಣವೇ ಅದು, ಸದ್ದು ಮಾಡುವುದಿಲ್ಲ. "ಇಷ್ಟು ವರ್ಷ ನಾನು ಇಲ್ಲಿ ನಡೆಸಿದ್ದು ಮನೆ ಅಲ್ಲ ಅಂದ ಹಾಗಾಯ್ತು. ಸರಿ ಅತ್ತೆ. ಇನ್ನು ನಿಮಗೂ ನನಗೂ ಮಾತಿಲ್ಲ."

"ಬೇಡ ಬಿಡು. ನಿನ್ನ ಮಾತಿಲ್ಲದೆ ನಂಗೇನು ಊಟ ಸೇರಲ್ವಾ?"

ಮರುದಿನ ಉಪ್ಪು ಬೇಳೆಯಿಂದಾಗಿ ಯಾರಿಗೂ ಊಟ ಸೇರಲಿಲ್ಲ, ಆ ಮಾತು ಬೇರೆ.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಬಿದ್ದರೂ ಬಿಡಿಸಿ ತರುತ್ತಾನೆ. ಮನೆಯ ಜಗಳದಲ್ಲಿ ಮಾತ್ರ ತಾನೇ ಎರಡು ಮಹಡಿಗಳ ನಡುವೆ ಸಿಕ್ಕಿಬೀಳುತ್ತಾನೆ. ಹಾಗಾಗಿ ಇಬ್ಬರ ನಡುವೆ ಸುದ್ದಿ ಸಾಗಿಸುವ ಕೆಲಸ ಅಪ್ಪನ ಹೆಗಲಿಗೆ ಬಿತ್ತು.

"ರೀ, ನಿಮ್ಮ ಸೊಸೆಗೆ ಹೇಳಿ, ಇಸ್ತ್ರಿ ಪೆಟ್ಟಿಗೆ ಕಾದಿದೆ ಅಂತ."

ಸೊಸೆ ನಿಂತಿದ್ದದ್ದು ಕೈಚಾಚಿದರೆ ಸಿಗುವಷ್ಟು ಹತ್ತಿರ. "ಮಾವ, ಅತ್ತೆಗೆ ಹೇಳಿ, ನನಗೂ ಕಣ್ಣಿದೆ ಅಂತ."

ಅಪ್ಪ ನಿವೃತ್ತ ಪೋಸ್ಟ್‌ಮ್ಯಾನ್. ಒಂದು ವಾರ ಸಹಿಸಿಕೊಂಡರು. ಆಮೇಲೆ ಚಹಾ ಲೋಟ ಕೆಳಗಿಟ್ಟು ಮುಷ್ಕರ ಹೂಡಿದರು. "ಜೀವಮಾನವೆಲ್ಲ ಊರವರ ಟಪಾಲು ಹೊತ್ತೆ. ಪೆನ್ಷನ್ ಬಂದ ಮೇಲೂ ಮನೆಯೊಳಗೇ ಹಂಚಬೇಕಾ? ಅದೂ ಸ್ಟಾಂಪಿಲ್ಲದೆ! ಇಬ್ಬರ ಹತ್ರಾನೂ ಫೋನಿದೆ. ಅದನ್ನೇನು ಉಪ್ಪಿನಕಾಯಿ ಹಾಕ್ತೀರಾ?"

ಅಪ್ಪನ ಕೈಯಲ್ಲಿ ಫೋನಿಲ್ಲ. ಬೇಕೆಂದವರು ಮನೆಗೆ ಬರಲಿ ಎನ್ನುವ ಮನುಷ್ಯ. ಆದರೂ ಅವರ ಮಾತು ನಾಟಿತು. ಅದೇ ಸಂಜೆ ಅಮ್ಮ ನನ್ನ ಪಕ್ಕ ಬಂದು ಕೂತು, ಬೇರೆಲ್ಲೋ ನೋಡುತ್ತಾ, "ಅವಳ ನಂಬರ್ ಹೇಳು" ಎಂದಳು.

"ನಿನ್ನ ಫೋನಲ್ಲೇ ಇತ್ತಲ್ಲಮ್ಮ?"

"ತೆಗೆದು ಹಾಕಿದೆ."

"ಮತ್ತೆ ಸೇವ್ ಮಾಡಿ ಕೊಡ್ಲಾ?"

"ಬೇಡ. ಮಾತಿಲ್ಲದೋರ ಹೆಸರು ನನ್ನ ಫೋನಲ್ಲಿ ಯಾಕಿರಬೇಕು? ನಂಬರ್ ಹೇಳು ಅಂದ್ರೆ ಹೇಳು."

ಹೇಳಿದೆ. ಅತ್ತಿಗೆಯೂ ಕಡಿಮೆಯವರಲ್ಲ, ಅವರ ಫೋನಿನಿಂದಲೂ 'ಅತ್ತೆ' ಎಂಬ ಹೆಸರು ಹೋಗಿತ್ತು. ಹೀಗೆ ಒಂದೇ ಸೂರಿನ ಕೆಳಗೆ, ಒಂದು ಗೋಡೆ ಆಚೆ ಈಚೆ, ಹೆಸರಿಲ್ಲದ ಎರಡು ನಂಬರುಗಳು ಮೆಸೇಜ್ ಮಾಡಿಕೊಳ್ಳತೊಡಗಿದವು.

ಅಮ್ಮನ ಮೆಸೇಜಿಗೆ ಹಿಂದು ಮುಂದು ಇರುತ್ತಿರಲಿಲ್ಲ. ಯಾರಿಗೆ ಎಂದಿಲ್ಲ, ಯಾರಿಂದ ಎಂದಿಲ್ಲ. 'ಹಾಲು ಬಂತು. ಅಷ್ಟೇ.' 'ಟ್ಯಾಂಕು ತುಂಬಿದೆ. ಅಷ್ಟೇ.' 'ನೀಲಿ ದಾರ ಮುಗೀತು. ಅಷ್ಟೇ.' ಎಲ್ಲಕ್ಕೂ ಕೊನೆಗೆ ಆ ಅಷ್ಟೇ. ಇದಕ್ಕಿಂತ ಹೆಚ್ಚಿನ ಸಂಬಂಧ ನಿನ್ನ ಜೊತೆ ಇಲ್ಲ ಎಂದು ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಕಳಿಸಿದ ಮೇಲೆ ಅದನ್ನು ಅಳಿಸಿಬಿಡುತ್ತಿದ್ದಳು. ಬಂದ ಉತ್ತರವನ್ನೂ ಓದಿ ಅಳಿಸುತ್ತಿದ್ದಳು. ಹಾಗಾಗಿ ಪ್ರತಿ ಸಲ ಕಳಿಸುವಾಗಲೂ ಹತ್ತೂ ಅಂಕಿಗಳನ್ನು ಹೊಸದಾಗಿ ಒತ್ತಬೇಕು. ಮೊದಮೊದಲು ನನ್ನನ್ನು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ನಮ್ಮಮ್ಮ ಅಳತೆಗಳನ್ನು ಬರೆದುಕೊಳ್ಳುವವಳಲ್ಲ. ಮಗುವಿನ ಎದೆ, ಸೊಂಟ, ತೋಳು ಅಳೆದು, ಅಂಕಿಗಳನ್ನು ಬಾಯಲ್ಲೇ ಗುನುಗಿಕೊಂಡು ಕತ್ತರಿಸುವ ಮೇಜಿನವರೆಗೆ ಹೋಗಿ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಇಳಿಸುತ್ತಾಳೆ. ಅದೇ ರಾಗದಲ್ಲಿ ಒಂದು ದಿನ ಫೋನ್ ಹಿಡಿದು, "ತೊಂಬತ್ತೆಂಟು... ನಲವತ್ತೈದು..." ಎಂದು ಗುನುಗುತ್ತಿದ್ದಳು.

"ಯಾರಮ್ಮ ಅದು ತೊಂಬತ್ತೆಂಟು ಇಂಚು ಎದೆ? ಆನೆಗೆ ಯೂನಿಫಾರ್ಮಾ?"

"ಸುಮ್ನಿರೇ, ಅಂಕಿ ತಪ್ಪುತ್ತೆ!"

ನಾನು ನಕ್ಕು ನನ್ನ ಕೆಲಸಕ್ಕೆ ಹೊರಟೆ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಊರವರಿಗೆಲ್ಲ ದೃಷ್ಟಿ ಸರಿ ಮಾಡಿ ಕಳಿಸುತ್ತೇನೆ, ಮನೆಯಲ್ಲಿ ಕಣ್ಣೆದುರೇ ನಡೆಯುತ್ತಿದ್ದದ್ದು ನನಗೆ ಕಾಣಲಿಲ್ಲ.

ಅತ್ತಿಗೆ ಕೆಲಸಕ್ಕೆ ಹೋಗತೊಡಗಿದರು. ಅವರ ಬಗ್ಗೆ ನನಗಿರುವ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಗಂಡನ ಮನೆ ಬಿಟ್ಟು ಸೂಟ್‌ಕೇಸ್ ಹಿಡಿದು ನಾನು ವಾಪಸು ಬಂದ ದಿನ, ಯಾಕೆ ಬಂದೆ ಎಂದು ಕೇಳದೆ ಇದ್ದವರು ಅವರೊಬ್ಬರೇ. ತಮ್ಮ ಅಲಮಾರಿಯ ಅರ್ಧ ಖಾಲಿ ಮಾಡಿ, "ಇದು ನಿಂದು" ಎಂದಿದ್ದರು. ಈಗ ಅದೇ ಅತ್ತಿಗೆ ಬೆಳಕು ಹರಿಯುವ ಮೊದಲೇ ಎದ್ದು ಇಡೀ ಮನೆಗೆ ಅಡುಗೆ ಮುಗಿಸಿ, ದೊಡ್ಡ ಬಸ್ಸನ್ನು ಊರೆಲ್ಲ ತಿರುಗಿಸಿ ಬಂದು, ಮಧ್ಯಾಹ್ನ ಅಮ್ಮನಿಗೆ ಬೆನ್ನು ಹಾಕಿ ಕೂತು ಕಾಜಾ ಹಾಕುತ್ತಿದ್ದರು. ಮಾತು ಬಿಟ್ಟರೂ ಮಾತು ಉಳಿಸಿಕೊಂಡರು. ಅವರಿಗೆ ಸಿಕ್ಕಿದ್ದು ಮಾರ್ಕೆಟ್ ರೂಟು. ತಳ್ಳುಗಾಡಿಗಳ ನಡುವೆ ಬಸ್ಸು ನುಸುಳಿಸುವುದು ಹಳಬರಿಗೇ ಕಷ್ಟ ಎಂದು ಅಣ್ಣ ಹೇಳಿದ. ಹೇಳುವಾಗ ಅವನ ಎದೆ ಉಬ್ಬಿತ್ತು. ಅಮ್ಮನನ್ನು ನೋಡಿ ಮತ್ತೆ ಇಳಿಯಿತು.

ಆಮೇಲೊಂದು ದಿನ ಅತ್ತಿಗೆ ಮಹಡಿ ಮೆಟ್ಟಿಲಿನ ಮೇಲೆ ನನ್ನನ್ನು ಕೂರಿಸಿಕೊಂಡರು.

"ಡಿಪೋ ಹತ್ರ ಒಂದು ಮನೆ ನೋಡಿದೀವಿ ಕಣೇ. ಎರಡು ಕೋಣೆ. ತಿಂಗಳ ಕೊನೆಗೆ ಹೋಗ್ತೀವಿ."

"ಒಂದು ಮಾತಿಗೆ ಮನೆ ಬಿಡ್ತೀರಾ ಅತ್ತಿಗೆ?"

"ಆ ಒಂದು ಮಾತಾಗಿದ್ರೆ ನುಂಗ್ತಿದ್ದೆ. ಈ ಮೌನ ನುಂಗೋಕಾಗ್ತಿಲ್ಲ. ಪಾತ್ರೆ ಇಟ್ರೆ ಸದ್ದಾಗುತ್ತೇನೋ, ನಡೆದ್ರೆ ಸದ್ದಾಗುತ್ತೇನೋ ಅಂತ ನನ್ನ ಮನೇಲೇ ನಾನು ಕಳ್ಳಿ ಥರ ಓಡಾಡ್ತಿದೀನಿ."

ಅಣ್ಣ ಅಮ್ಮನಿಗೆ ವಿಷಯ ಹೇಳಿದ. ಅಮ್ಮ ಯಂತ್ರದಿಂದ ತಲೆ ಎತ್ತಲಿಲ್ಲ. "ಹೋಗಿ. ನಾನೇನು ಕಾಲು ಹಿಡ್ಕೊಂಡು ಕೂತಿದೀನಾ?"

ಅವತ್ತು ಅವಳು ಹೊಲಿದ ಪ್ಯಾಂಟಿಗೆ ಎರಡೂ ಬಲಗಾಲು. ಅವಳ ಕೈಯಲ್ಲಿ ಅಂಥ ತಪ್ಪು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹೊಲಿಗೆ ಬಿಚ್ಚಲು ಕೂತಳು.

ಮೆಸೇಜುಗಳು ಮಾತ್ರ ನಿಲ್ಲಲಿಲ್ಲ. ಒಮ್ಮೆ ಅತ್ತಿಗೆ ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಹೆಸರಿಲ್ಲ, ಬರೀ ನಂಬರು. ಕೆಳಗೆ, 'ಮೋಡ ಕವಿದಿದೆ. ನಿಧಾನ ಓಡಿಸು ಅಂತ ನಿನ್ನ ಗಂಡ ಹೇಳಿದ. ಅಷ್ಟೇ.'

"ಇದು ಬಂದಾಗ ನಿಮ್ಮಣ್ಣ ಗೊರಕೆ ಹೊಡೀತಿದ್ರು" ಎಂದರು ಅತ್ತಿಗೆ. ಅವರ ಮುಖದಲ್ಲಿ ನಗುವೂ ಇತ್ತು, ಅಳುವೂ ಇತ್ತು. "ಇದನ್ನೇ ಬಾಯಿ ಬಿಟ್ಟು ಹೇಳಿದ್ರೆ ಏನಾಗ್ತಿತ್ತು ಇವರಿಗೆ?"

"ನೀವಾದ್ರೂ ಕೇಳಬಹುದಲ್ಲ?"

"ಮೊದಲು ಅಂದವರು ಅವರು. ಮೊದಲು ಆಡಬೇಕಾದವರೂ ಅವರೇ."

ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ಹಾಕಿ ತೆಗೆದಂತಿತ್ತು. ಹೆತ್ತ ಮಗಳು ನಾನು, ಅಮ್ಮನ ಹಟ ಮಾತ್ರ ಸೊಸೆಗೆ ಹೋಗಿದೆ.

ತಿಂಗಳು ಮುಗಿಯುತ್ತಾ ಬಂತು. ಆ ವಾರ ಅಮ್ಮನಿಗೆ ಗುಂಡಿ ಖಾಲಿಯಾಯಿತು. ಮಾರ್ಕೆಟ್ಟಿಗೆ ಹೋಗಿ ಗುಂಡಿ, ದಾರ ತರುತ್ತಿದ್ದವರು ಯಾವಾಗಲೂ ಅತ್ತಿಗೆ. ಒಂದು ಮೆಸೇಜ್ ಹಾಕಿದ್ದರೆ ತರುತ್ತಿದ್ದರು. ಆದರೆ ಮನೆ ಬಿಟ್ಟು ಹೋಗುವವಳ ಹತ್ತಿರ ಸಾಮಾನು ತರಿಸಿಕೊಳ್ಳುವುದೇ? ಅಮ್ಮ ಬ್ಯಾಗು ಹೆಗಲಿಗೇರಿಸಿ ತಾನೇ ಹೊರಟಳು. ಸ್ಟಾಪಿನಲ್ಲಿ ಮೊದಲು ಬಂದು ನಿಂತದ್ದು ಅತ್ತಿಗೆಯ ಬಸ್ಸೇ. ಬಾಗಿಲು ತೆರೆದಿತ್ತು. ಅಮ್ಮ ಪಕ್ಕದ ಗೋಡೆಯ ಮೇಲಿನ ಜಾಹೀರಾತನ್ನು ಬಲು ಆಸಕ್ತಿಯಿಂದ ಓದುತ್ತಾ ನಿಂತಳು. ಬಸ್ಸು ಹೋಯಿತು. ಅಮ್ಮ ಅದರ ಹಿಂದಿನ ಬಸ್ಸು ಹತ್ತಿದಳು.

ಮುಂದೆ ಆದದ್ದಕ್ಕೆ ನಾನು ಸಾಕ್ಷಿಯಲ್ಲ. ಗುಂಡಿ ಅಂಗಡಿಯವರು, ಅತ್ತಿಗೆಯ ಕಂಡಕ್ಟರು, ಕೊನೆಗೆ ಅಮ್ಮ, ಇವರೆಲ್ಲ ಹೇಳಿದ ತುಂಡುಗಳನ್ನು ಸೇರಿಸಿ ಹೊಲಿದಿದ್ದೇನೆ.

ಮಾರ್ಕೆಟ್ಟಿನಲ್ಲಿ ಇಳಿಯುವಾಗ ನೂಕುನುಗ್ಗಲು. ಕೊನೆಯ ಮೆಟ್ಟಿಲಲ್ಲಿ ಅಮ್ಮನ ಪಾದ ಹೊರಳಿತು. ರಸ್ತೆಯ ಮೇಲೆ ಕುಸಿದು ಕೂತವಳು ತಲೆ ಎತ್ತಿ ನೋಡುವಷ್ಟರಲ್ಲಿ ಬಸ್ಸು ಹೋಗಿತ್ತು. ಬ್ಯಾಗು ಸೀಟಿನ ಮೇಲೆಯೇ ಉಳಿದಿತ್ತು. ಬ್ಯಾಗಿನಲ್ಲಿ ಪರ್ಸು, ಪರ್ಸಿನ ಪಕ್ಕ ಫೋನು. ಗುಂಡಿ ಅಂಗಡಿಯವರು ಓಡಿ ಬಂದು ಅವಳನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದರು. ಪಾದ ಆಗಲೇ ಊದಿಕೊಂಡಿತ್ತು.

"ಮನೆಯವರ ನಂಬರ್ ಹೇಳಿಮ್ಮ, ಫೋನ್ ಮಾಡ್ತೀನಿ. ಮಗ ಇದಾರಾ?"

"ಇದಾನೆ. ಅವನ ನಂಬರು..." ಅಮ್ಮ ಬಾಯಿ ತೆರೆದಳು. ಒಂದು ಅಂಕಿಯೂ ಬರಲಿಲ್ಲ. ಮಗನ ನಂಬರನ್ನು ಅವಳು ಎಂದೂ ಒತ್ತಿದವಳೇ ಅಲ್ಲ. 'ಮಗ' ಎಂದು ಇದ್ದಲ್ಲಿ ಬೆರಳಿಟ್ಟರೆ ಸಾಕಿತ್ತು.

"ಮಗಳು?"

ಮಗಳದ್ದೂ ಅದೇ ಕಥೆ. ನಾನು 'ಮಗಳು' ಎಂಬ ಹೆಸರಾಗಿ ಆ ಬ್ಯಾಗಿನ ಜೊತೆ ಬಸ್ಸಿನಲ್ಲಿ ಹೋಗಿಬಿಟ್ಟಿದ್ದೆ.

"ಯಾರದ್ದೂ ಗೊತ್ತಿಲ್ವಾ ಅಮ್ಮ?"

ಅಮ್ಮ ಅಂಗಡಿಯ ನೆಲ ನೋಡುತ್ತಾ, ಅಳತೆ ಹೇಳುವ ರಾಗದಲ್ಲಿ, ಎಡವದೆ, ಹತ್ತೂ ಅಂಕಿ ಹೇಳಿದಳು.

ಅವರು ಕರೆ ಮಾಡಲು ಹೊರಟಾಗ ಕೈ ಅಡ್ಡ ಹಿಡಿದಳು. "ಮಾತಾಡೋದು ಬೇಡ. ಮೆಸೇಜ್ ಹಾಕಿ. ನಾನು ಹೇಳಿದ ಹಾಗೇ ಹಾಕಿ. ಬ್ಯಾಗು ಬಸ್ಸಲ್ಲಿ ಹೋಯ್ತು. ಕಾಲು ಹೊರಳಿದೆ. ಮಾರ್ಕೆಟ್ಟು, ಗುಂಡಿ ಅಂಗಡಿ. ಅಷ್ಟೇ."

"ಕೆಳಗೆ ನಿಮ್ಮ ಹೆಸರು ಹಾಕಲಾ? ನನ್ನ ನಂಬರು ಅವರಿಗೆ ಹೊಸದು. ಯಾರು ಅಂತ ಹೇಗೆ ಗೊತ್ತಾಗಬೇಕು?"

"ಗೊತ್ತಾಗುತ್ತೆ" ಎಂದಳು ಅಮ್ಮ.

ಅತ್ತಿಗೆ ಅದನ್ನು ಓದಿದ್ದು ಟ್ರಿಪ್ಪು ಮುಗಿಸಿ ಬಸ್ಸು ನಿಲ್ಲಿಸಿದ ಮೇಲೆ. ಗುರುತಿಲ್ಲದ ನಂಬರು. ಇನ್ಯಾರಾದರೂ ಆಗಿದ್ದರೆ ಯಾರೋ ತಪ್ಪಿ ಕಳಿಸಿದ್ದಾರೆಂದು ಬಿಡುತ್ತಿದ್ದರು. ಕೊನೆಯ ಪದದವರೆಗೆ ಬಂದದ್ದೇ ಅತ್ತಿಗೆ ಸೀಟಿನಿಂದ ಎದ್ದು ನಿಂತರಂತೆ. ಉತ್ತರ ಬರೆದರು: 'ಅಲ್ಲೇ ಕೂತಿರಿ. ವಾಪಸು ಟ್ರಿಪ್ಪಲ್ಲಿ ಬರ್ತೀನಿ. ಬ್ಯಾಗಿನ ವಿಷಯ ಡಿಪೋಗೆ ಹೇಳ್ತೀನಿ. ಕಾಲು ಕೆಳಗೆ ಊರಬೇಡಿ.' ಅವರೂ ಒಂದು ಅಷ್ಟೇ ಹಾಕಬಹುದಿತ್ತು. ಹಾಕಲಿಲ್ಲ.

ವಾಪಸು ಬರುವಾಗ ಅಂಗಡಿಯ ಎದುರಿಗಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಕಂಡಕ್ಟರು, ಅಂಗಡಿಯವರು ಸೇರಿ ಅಮ್ಮನನ್ನು ಹತ್ತಿಸಿ ಡ್ರೈವರ್ ಹಿಂದಿನ ಮೊದಲ ಸೀಟಿನಲ್ಲಿ ಕೂರಿಸಿದರು. ಅತ್ತಿಗೆ ಕನ್ನಡಿಯಲ್ಲಿ ಒಮ್ಮೆ ನೋಡಿದರು. ಅಮ್ಮ ನೋಡಿದಳು. ಅವಳ ಕಣ್ಣೆದುರಿಗೇ ದೊಡ್ಡ ಅಕ್ಷರದ ಬೋರ್ಡು: 'ಚಾಲಕರೊಂದಿಗೆ ಮಾತನಾಡಬಾರದು.' ಅಂದು ಆ ನಿಯಮವನ್ನು ನಮ್ಮಮ್ಮನಷ್ಟು ಸಲೀಸಾಗಿ ಪಾಲಿಸಿದವರು ಇರಲಿಕ್ಕಿಲ್ಲ.

ಮಾರ್ಕೆಟ್ಟಿನ ತಿರುವಿನಲ್ಲಿ ಒಂದು ಕಡೆ ಹಣ್ಣಿನ ಗಾಡಿ, ಇನ್ನೊಂದು ಕಡೆ ಸಾಮಾನಿಳಿಸುತ್ತಿದ್ದ ಲಾರಿ. ನಡುವೆ ಜಾಗವೇ ಇಲ್ಲ ಎಂದು ಅಮ್ಮನಿಗೆ ಅನ್ನಿಸಿತು. ಸೀಟಿನ ಕಂಬಿ ಹಿಡಿದುಕೊಂಡಳು. ಅತ್ತಿಗೆ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ನೋಡಿ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಒಂದು ಹಣ್ಣೂ ಅಲುಗದಂತೆ ಅಷ್ಟು ದೊಡ್ಡ ಬಸ್ಸನ್ನು ಆಚೆ ದಾಟಿಸಿದರು. "ಸೂಜಿಗೆ ದಾರ ಪೋಣಿಸಿದ ಹಾಗೆ ಕಣೇ" ಎಂದು ಅಮ್ಮ ಆಮೇಲೆ ನನ್ನೊಬ್ಬಳ ಕಿವಿಯಲ್ಲಿ ಹೇಳಿದಳು. "ನಂಗಂತೂ ಈ ವಯಸ್ಸಲ್ಲಿ ಕನ್ನಡಕ ಹಾಕಿದ್ರೂ ಆಗಲ್ಲ."

ನಾನು, ಅಣ್ಣ ಮನೆಗೆ ಬಂದಾಗ ಅಮ್ಮ ಮುಂದಿನ ಕೋಣೆಯಲ್ಲಿ ಬಟ್ಟೆ ರಾಶಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದಕ್ಕೆ ಬಿಗಿಯಾಗಿ ಪಟ್ಟಿ. ಪಾಳಿ ಮುಗಿಸಿ ಡಾಕ್ಟರ್ ಹತ್ತಿರ ಕರೆದೊಯ್ದು ತಂದು ಕೂರಿಸಿದವರು ಅತ್ತಿಗೆ. ಅಷ್ಟೆಲ್ಲ ಮಾಡಿಯೂ ಇಬ್ಬರೂ ಒಂದು ಮಾತಾಡಿರಲಿಲ್ಲ ಎಂದು ಅಪ್ಪ ಕಣ್ಸನ್ನೆಯಲ್ಲೇ ನನಗೆ ವರದಿ ಒಪ್ಪಿಸಿದರು.

ಅಣ್ಣ ರೇಗಿದ. "ನಂಗೆ ಯಾಕಮ್ಮ ಫೋನ್ ಮಾಡಿಸ್ಲಿಲ್ಲ? ನಾನಿದ್ದದ್ದು ಮಾರ್ಕೆಟ್ ಹಿಂದಿನ ಬೀದೀಲೇ. ಕೆಲಸದ ಮೇಲಿದ್ದ ಅವಳಿಗೆ ಯಾಕೆ ಹೇಳಿದೆ?"

"ನಿನ್ನ ನಂಬರು ನಂಗೇನು ಗೊತ್ತು? ಅದು ಫೋನಲ್ಲಿತ್ತು."

"ಇವಳದ್ದು?"

"ಇವಳದ್ದು ಫೋನಲ್ಲಿರಲಿಲ್ಲ."

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅಮ್ಮನಿಗೇ ಅರಿವಾಯಿತೋ ಏನೋ, ಅಳತೆಯ ಟೇಪನ್ನು ಎತ್ತಿಕೊಂಡು ಸುತ್ತತೊಡಗಿದಳು. ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಅಲ್ಲಿಯೇ ನಿಂತರು.

ಮೊದಲು ಬಾಯಿಬಿಟ್ಟವಳು ಅಮ್ಮ. ಟೇಪಿನ ಮೇಲಿನ ಕಣ್ಣು ತೆಗೆಯದೆಯೇ ಹೇಳಿದಳು. "ಆ ಡ್ರೈವರ್ ಅಂಗಿ ಹೊಲಿದವನಿಗೆ ಕೈ ಇಲ್ಲ. ಭುಜ ಇಳಿದಿದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಬೆನ್ನಲ್ಲಿ ಎಳೀತಿತ್ತು. ದಾರಿಯುದ್ದಕ್ಕೂ ಅದನ್ನೇ ನೋಡ್ತಾ ಬಂದೆ. ಬಿಚ್ಚಿ ಕೊಡು, ಸರಿ ಮಾಡ್ತೀನಿ."

ಅತ್ತಿಗೆ ಒಳಗೆ ಹೋಗಿ ಬೇರೆ ಬಟ್ಟೆ ಉಟ್ಟುಕೊಂಡು, ಕೆಲಸದ ಅಂಗಿಯನ್ನು ತಂದು ಅಮ್ಮನ ಮಡಿಲಲ್ಲಿ ಹಾಕಿದರು. ಅಲ್ಲಿಯೇ ಒಂದು ಕ್ಷಣ ನಿಂತರು. "ನಾನು ಮನೆ ನಡೆಸೋಕೆ ಬರದವಳಲ್ಲ ಅತ್ತೆ."

"ಗೊತ್ತು. ಅವತ್ತೂ ಗೊತ್ತಿತ್ತು." ಅಮ್ಮ ಭುಜದ ಹೊಲಿಗೆಗೆ ಕತ್ತರಿಯ ತುದಿ ಇಟ್ಟಳು. "ನನ್ನ ಬಿಟ್ಟು ಹೋಗ್ತೀಯ ಅಂತ ಭಯ ಆಯ್ತು. ಬಾಯಿಗೆ ಬಂದದ್ದು ಅದು."

ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು ಅಡುಗೆ ಮನೆಗೆ ಹೋದರು. ಒಂದು ಪಾತ್ರೆಯ ಮುಚ್ಚಳ ಢಣಾರೆಂದು ಬಿತ್ತು. ಅಷ್ಟು ದಿನಗಳಲ್ಲಿ ಅವರು ಮಾಡಿದ ಮೊದಲ ಸದ್ದು ಅದು. ಹಿಂದೆಯೇ ಅವರ ದನಿ ಬಂತು.

"ಅತ್ತೆ, ಬೇಳೆಗೆ ಉಪ್ಪು ಹಾಕಿದ್ದೀರಾ?"

"ಒಂಟಿಕಾಲಲ್ಲಿ ಎಲ್ಲಿ ಹಾಕಲಿ? ನೀನೇ ಹಾಕು."

ಊಟಕ್ಕೆ ಕೂತಾಗ ಅಣ್ಣನ ಫೋನು ಹೊಡೆದುಕೊಂಡಿತು. ಡಿಪೋ ಹತ್ತಿರದ ಮನೆಯ ಮಾಲೀಕ. ಅಣ್ಣ ಎಂದಿನಂತೆ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದು ಅತ್ತಿಗೆಯನ್ನು ನೋಡಿದ.

"ಬೇಡ ಅಂತ ಮೆಸೇಜ್ ಹಾಕ್ರಿ" ಎಂದರು ಅತ್ತಿಗೆ.

"ಕಾರಣ ಕೇಳಿದ್ರೆ?"

"ಬೇಡ. ಅಷ್ಟೇ. ಹಾಗೇ ಹಾಕ್ರಿ."

ಅಪ್ಪ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಅಮ್ಮನಿಗೆ ಅದ್ಯಾವುದೂ ಕೇಳಿಸಲಿಲ್ಲವಂತೆ. ಅವಳ ಗಮನವೆಲ್ಲ ತಟ್ಟೆಯ ಮೇಲಿತ್ತು. ಬೇಳೆಗೆ ಉಪ್ಪು ಹದವಾಗಿತ್ತು.

ಬ್ಯಾಗು ಡಿಪೋದಲ್ಲಿ ಸಿಕ್ಕಿತು, ಪರ್ಸು ಸಹ. ಫೋನನ್ನು ಮಾತ್ರ ಯಾರೋ ತೆಗೆದುಕೊಂಡಿದ್ದರು. ಅಣ್ಣ ಹೊಸದು ತಂದುಕೊಟ್ಟ. ಅಮ್ಮ ಅತ್ತಿಗೆಯ ಅಂಗಿಗೆ ಕೊನೆಯ ಗುಂಡಿ ಹಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಒಂದೊಂದಾಗಿ ಹೆಸರು ಹಾಕಿದೆ. ಮಗ. ಮಗಳು. ದಾರದ ಅಂಗಡಿ. ಡಾಕ್ಟರು.

"ಇನ್ನು ಅತ್ತಿಗೆದು. ಏನಂತ ಹಾಕಲಿ? ಸೊಸೆ ಅಂತಲಾ?"

ಅಮ್ಮ ದಾರವನ್ನು ಹಲ್ಲಲ್ಲಿ ಕಡಿದು ಅಂಗಿ ಕೊಡವಿದಳು.

"ಅವಳದ್ದು ಬೇಡ" ಎಂದಳು. "ಅದರೊಳಗೆ ಇಟ್ರೆ ನಂಗೆ ಮರ್ತು ಹೋಗುತ್ತೆ."